ಸುಣ್ಣದ ಬೆರಳು ಬಿದ್ದ ಪುಟಗಳು

ಗುರಪ್ಪ ಮಾಸ್ತರೇ,

ನಿಮ್ಮ ಹಳೆಯ ವಿದ್ಯಾರ್ಥಿಯ ಶರಣು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಅನ್ನುತ್ತಾರಲ್ಲ, ಅಂಥ ಶರಣು. ನೀವು ತೀರಿಹೋಗಿ ವರ್ಷ ತುಂಬಿಲ್ಲ, ಆಗಲೇ ನಿಮ್ಮ ಮೇಲೆ ಸಂಶಯ ಬಂದಿದೆ.

ಹೋದ ವಾರ ಜಮಖಂಡಿಯ ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ, ನಮ್ಮ ಅವ್ವಾರು, ಒಂದು ಗಂಟು ಪುಸ್ತಕ ತಂದಿಟ್ಟರು. ನಾವಿಬ್ಬರೂ ಪರೀಕ್ಷಕರಾಗಿದ್ದ ಕಾದಂಬರಿ ಸ್ಪರ್ಧೆಯವು. "ಎಲ್ಲಾದರಾಗೂ ಅವರ ಸುಣ್ಣದ ಬೆರಳ ಐತಿ ನೋಡ್ರಿ. ಎಷ್ಟ ಬೈದ್ರೂ ಕೇಳ್ತಿದ್ದಿಲ್ಲ," ಎಂದರು. ಎಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ಪುಟ ತಿರುವುವುದು ನಿಮ್ಮ ಚಾಳಿ. ನೀವು ಓದಿದ ಪುಟದ ಮೂಲೆಗೆ ಒಂದು ಬಿಳಿ ಗುರುತು ಬಿದ್ದೇ ಬೀಳುತ್ತಿತ್ತು.

ಬಹುಮಾನದ ಪುಸ್ತಕವನ್ನು ಮೊದಲು ತೆರೆದೆ. 'ಆಳವಾದ ಜೀವನದರ್ಶನ' ಎಂದು ತೀರ್ಪು ಬರೆದಿದ್ದಿರಲ್ಲ, ಅದೇ. ಸುಣ್ಣ ಹದಿನಾಲ್ಕನೆಯ ಪುಟಕ್ಕೆ ನಿಂತಿತ್ತು. ದರ್ಶನ ನಿಮಗೆ ಎಲ್ಲಿ ಆಯಿತು, ಬೆನ್ನುಡಿಯಲ್ಲೇ? ಅಥವಾ ಆ ದಿನಗಳಲ್ಲಿ ಎಲೆ ಬಿಟ್ಟಿದ್ದಿರೋ... ನೀವು ಬಿಡುವವರೇ?

ಆಮೇಲೆ ಬನಹಟ್ಟಿಯ ಶಾಂತವ್ವನವರ ಪತ್ತೇದಾರಿ ಕಾದಂಬರಿ. ಓಣಿಯ ಮಗ್ಗಗಳೆಲ್ಲ ನಿಂತ ಹೊತ್ತಿನಲ್ಲಿ ಆಗುವ ಕೊಲೆಯ ಕತೆ. ಸಭೆಯ ದಿನ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದ ಸಾಹಿತ್ಯ ಅಲ್ಲಪಾ, ಬಸ್ ಸ್ಟ್ಯಾಂಡಿನ ಸರಕು," ಎಂದು ಸೊನ್ನೆ ಕೊಟ್ಟಿರಿ. ಆದರೆ ಅದರಲ್ಲಿ ಕೊನೆಯ ಪುಟದವರೆಗೂ ಸುಣ್ಣ! ಕೆಲವು ಕಡೆ ಎರಡೆರಡು ಗುರುತು. ಕೊಲೆಗಾರ ಸಿಕ್ಕುವ ಪುಟದಲ್ಲಂತೂ ಅಡಿಕೆಯ ತುಣುಕೊಂದು ಬಿದ್ದು ಅಂಟಿಕೊಂಡಿದೆ. ಅಷ್ಟು ಬಾಯಿ ತೆರೆದಿದ್ದಿರಾ? ಹಾಗಾದರೆ ಆ ಸೊನ್ನೆ ಯಾರಿಗೆ ಹೆದರಿ ಕೊಟ್ಟದ್ದು?

ಆ ಪುಸ್ತಕ ಹಿಡಿದುಕೊಂಡು ಸಿಟ್ಟಿನಲ್ಲೇ ಮನೆಗೆ ಬಂದು ಅದರದೇ ನನ್ನ ಪ್ರತಿ ಹುಡುಕಿ ತೆಗೆದೆ. ಪ್ರೆಸ್ಸಿನಲ್ಲಿ ಕತ್ತರಿಸದೆ ಬಿಟ್ಟ ಹಾಳೆಗಳು ಇನ್ನೂ ಕೂಡಿಕೊಂಡೇ ಇದ್ದವು. ನೀವು ಸೊನ್ನೆ ಅಂದಿರಿ, ನಾನೂ ಸೊನ್ನೆ ಬರೆದಿದ್ದೆ. ನೀವು ಓದಿ ಸುಳ್ಳು ಹೇಳಿದಿರಿ, ನಾನು ಓದದೆಯೇ ಹೇಳಿದೆ. ಬಹಳ ನಾಚಿಕೆಯಾಯಿತು.

ಮರುದಿನ ಅದನ್ನು ಓದಿ ಮುಗಿಸಿ, ನಿಮ್ಮ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಬನಹಟ್ಟಿಗೆ ಹೋದೆ. ಆ ಸೊನ್ನೆಯ ನಂತರ ಶಾಂತವ್ವ ಒಂದು ಸಾಲೂ ಬರೆದಿರಲಿಲ್ಲ. ಮಗ್ಗ ನಿಲ್ಲಿಸಿ ನನ್ನ ಮಾತೆಲ್ಲ ಕೇಳಿದರು. ಈ ವರ್ಷ ಬಹುಮಾನಕ್ಕೆ ಮತ್ತೆ ಹೆಸರು ಸೂಚಿಸುತ್ತೇನೆ ಎಂದೆ.

"ಅದು ನಿಮ್ಮ ಕಡೇನ ಇರ್ಲಿ. ಮಾಸ್ತರ ಓದಿದ ಪುಸ್ತಕ ಕೊಡ್ರಿ, ಸಾಕು."

ಅಡಿಕೆ ಅಂಟಿದ ಪುಟವನ್ನು ಬಹಳ ಹೊತ್ತು ನೋಡಿದರು. "ಇಲ್ಲೇ ಬಾಯಿ ತೆರೀಬೇಕಂತನ ಬರದಿದ್ದೆ," ಎಂದು ನಕ್ಕರು.

ಎರಡನೆಯದನ್ನು ಶುರು ಮಾಡಿದ್ದಾರೆ, ಮಾಸ್ತರೇ. ಮೊದಲ ಪುಟದಲ್ಲೇ ಒಬ್ಬ ಪರೀಕ್ಷಕ ಸಾಯುತ್ತಾನಂತೆ. ಕೊಂದವನು ಇನ್ನೊಬ್ಬ ಪರೀಕ್ಷಕನೇ ಇರಬೇಕೆಂದು ನನ್ನ ಗುಮಾನಿ. ಈ ಸಲ ಕೊನೆಯ ಪುಟದವರೆಗೂ ಓದಿಯೇ ನಿಮಗೆ ಹೇಳುತ್ತೇನೆ.