ಹಿಂದೆ ಗುಂಡಿಯಿದ್ದ ಅಂಗಿಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನೀನು ಹೊಲಿದು ಕಳಿಸಿದ ಉದ್ದನೆಯ ಅಂಗಿಗಳು ತಲುಪಿದ್ದವು. ಅಳತೆ ಸರಿಯಾಗಿದೆ, ಹೊಲಿಗೆಗೆ ಹೆಸರಿಡುವ ಹಾಗಿಲ್ಲ. ಆದರೆ ಗುಂಡಿಗಳೆಲ್ಲ ಬೆನ್ನಿಗೆ. ಹಾಗೇ ಹೊಲಿಯಲು ಹೇಳಿದವನು ನಿನ್ನ ಅಳಿಯ. ನಾನೇ ತೊಡಿಸೋದಲ್ವಾ ಅತ್ತೆ, ಹಿಂದೆ ಗುಂಡಿ ಇದ್ರೆ ನನಗೆ ಸುಲಭ ಅಂದನಂತೆ. ನೀನು ಕಣ್ಣೊರೆಸಿಕೊಂಡು, ಎಂಥ ಅಳಿಯ ಸಿಕ್ಕಿದ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆಯಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಇದನ್ನು ಫೋನಿನಲ್ಲಿ ಹೇಳಲಾರೆ, ನೀನು ನಡುವೆ ಬಾಯಿ ಹಾಕುತ್ತೀಯ. ಓದು, ಸುಮ್ಮನೆ ಓದು.

ಅವನು ನಿನಗೆ ಹೇಳಿದ ಹಾಗೆ ನಾನು ಬಚ್ಚಲಲ್ಲಿ ಜಾರಿ ಬಿದ್ದಿರಲಿಲ್ಲ. ಪಕ್ಕದ ಮನೆಯಾಕೆಯ ಜತೆ ನಕ್ಕು ಮಾತಾಡಿದೆನೆಂದು ಅವನು ನನ್ನ ಬಲಗೈಯನ್ನು ಹಿಂದಕ್ಕೆ ತಿರುಚಿದ. ಭುಜ ಲಟಕ್ಕೆಂದರೂ ಬಿಡಲಿಲ್ಲ. ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದೆ. ಆ ಕೈಯ ಮೇಲೆಯೇ ಬಾಗಿಲು ಹಾಕಿದ, ತೆರೆದು ಇನ್ನೊಮ್ಮೆ ಹಾಕಿದ. ಈಗ ಬಲತೋಳು ಎದೆಗಿಂತ ಮೇಲೆ ಏಳುವುದಿಲ್ಲ, ಎಡಗೈಯ ಎರಡು ಬೆರಳು ಮಡಚುವುದಿಲ್ಲ.

ಆಮೇಲೆ ಅವನೇ ನನಗೆ ಬಟ್ಟೆ ತೊಡಿಸತೊಡಗಿದ. ಸಿಟ್ಟು ಬಂದ ದಿನ ತೊಡಿಸುತ್ತಿರಲಿಲ್ಲ. ಹೊದಿಕೆಯನ್ನೂ ಕಪಾಟಿನ ಮೇಲಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಬಾಗಿಲಿಗೆ ಬೀಗ ಹಾಕುವ ಅಗತ್ಯವೇ ಇರಲಿಲ್ಲ ಅಮ್ಮಾ. ಬರಿಮೈಯಲ್ಲಿ ನಾನು ಎಲ್ಲಿಗೆ ಹೋಗಲಿ?

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಒಬ್ಬಳೇ ಬಟ್ಟೆ ತೊಡಲು ಒಂದು ಕೋಲಿನ ಉಪಾಯ ಹೇಳಿಕೊಟ್ಟಳು. ಅಂಗಡಿಯಲ್ಲಿ ಸಿಗೋದು ದುಬಾರಿ, ಮನೇಲೇ ಮಾಡ್ಕೊಳ್ಳಿ ಅಂದಳು. ಪೊರಕೆಯ ಕೋಲಿನ ತುದಿಗೆ ಬಟ್ಟೆ ನೇತುಹಾಕುವ ಹ್ಯಾಂಗರಿನ ಕೊಕ್ಕೆ ಕಟ್ಟಿದರೆ ಆಯಿತು. ನೋಯುವ ತೋಳನ್ನು ಮೊದಲು ತೂರಿಸಬೇಕು, ಕೊಕ್ಕೆಯಿಂದ ಕತ್ತಿನಪಟ್ಟಿಯನ್ನು ಬೆನ್ನ ಹಿಂದಿನಿಂದ ಎಳೆದುಕೊಳ್ಳಬೇಕು. ಮೊದಲ ಕೋಲು ಅವನ ಕಣ್ಣಿಗೆ ಬಿತ್ತು. ಅದು ಮುರಿಯುವವರೆಗೂ ನನ್ನ ಬೆನ್ನಿಗೆ ಬಾರಿಸಿದ. ಮುರಿದ ಮೇಲೆ ತುಂಡಿನಿಂದ ಬಾರಿಸಿದ.

ಇನ್ನೊಂದು ಮಾಡಿಕೊಂಡೆ. ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ನಿನ್ನ ಗುಂಡಿಗಳನ್ನೆಲ್ಲ ಕತ್ತರಿಸಿ ಹಾಕಿದೆ, ಕ್ಷಮಿಸು. ತೋಳನ್ನು ಕತ್ತಿಗೆ ತೂಗುಹಾಕಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಜೋಳಿಗೆಯಿಂದ, ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಬಿಚ್ಚಿ ಆ ಜಾಗಕ್ಕೆ ಹೊಲಿದೆ, ಹೇಗೆ ಹೊಲಿದೆನೆಂದು ಕೇಳಬೇಡ. ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡರೆ ಪಟ್ಟಿ ಎದೆಗೆ ಬರುತ್ತದೆ, ಅಂಗೈಯಿಂದ ಒತ್ತಿದರೆ ಸಾಕು. ಮೊದಲ ಸಲ ತೊಟ್ಟುಕೊಂಡು ಕನ್ನಡಿ ನೋಡಿದಾಗ ಅಂಗಿಯ ಕತ್ತು ವಕ್ರ, ನೆರಿಗೆ ಅಡ್ಡಾದಿಡ್ಡಿ, ಥೇಟ್ ಹುಚ್ಚಿ. ಖುಷಿಯಿಂದ ಅತ್ತೆ.

ಬುಧವಾರ ಹೊರಟೆ. ಚೀಲ ಹೊರಲಾಗದೆಂದು ಎರಡು ಅಂಗಿ ಒಂದರ ಮೇಲೊಂದು ತೊಟ್ಟಿದ್ದೆ. ಬಾಗಿಲು ತೆರೆದರೆ ಅವನು, ಏನೋ ಮರೆತು ವಾಪಸು ಬಂದವನು. ಯಾರು ತೊಡಿಸಿದ್ರು ನಿಂಗೆ ಅಂತ ಕೇಳಿದ. ಒಳಗೆ ಯಾರಾದರೂ ಇದ್ದಾರೋ ಎಂದು ಮಂಚದ ಕೆಳಗೂ ಬಗ್ಗಿ ನೋಡಿದ. ನಾನೇ ಅಂದೆ. ನಂಬದೆ ಕಪಾಳಕ್ಕೆ ಬಿಗಿದ, ಬಾಯಲ್ಲಿ ರಕ್ತ ಬಂತು. ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಕತ್ತಿನಪಟ್ಟಿ ಹಿಡಿದು ಇದ್ದಬದ್ದ ಬಲವೆಲ್ಲ ಹಾಕಿ ಎಳೆದ. ಎದೆಯ ಮೇಲಿನ ವೆಲ್ಕ್ರೋ ಚರ್ರೆಂದು ಬಿಚ್ಚಿತು. ಮೇಲಿನ ಅಂಗಿ ನನ್ನ ತೋಳುಗಳಿಂದ ಜಾರಿ ಅವನ ಕೈಗೆ ಹೋಯಿತು, ಅವನು ಹಿಮ್ಮುಖವಾಗಿ ಹೋಗಿ ಮೇಜಿನ ಅಂಚಿಗೆ ತಲೆ ಬಡಿದುಕೊಂಡು ಬಿದ್ದ.

ಬಿದ್ದಲ್ಲಿಂದಲೇ ನನ್ನ ಕಾಲು ಹಿಡಿದ. ನನ್ನ ತೋಳು ಮೇಲೇಳುವುದಿಲ್ಲ, ನಿಜ. ಕೆಳಗೆ ಕುಟ್ಟಲು ಏಳಬೇಕಾಗಿಲ್ಲ. ಜತೆಗೆ ಒಯ್ಯಲೆಂದು ಬಾಗಿಲ ಪಕ್ಕ ಒರಗಿಸಿಟ್ಟಿದ್ದ ಕೋಲು ಎಳೆದುಕೊಂಡು, ಅವನು ಬಿಡುವವರೆಗೂ ಆ ಕೈಯನ್ನು ಕುಟ್ಟಿದೆ. ಬಿಟ್ಟ ಮೇಲೂ ಕುಟ್ಟಿದೆ. ಹಿತವಾಗಿತ್ತು ಅಮ್ಮಾ, ನಿನಗೇಕೆ ಸುಳ್ಳು ಹೇಳಲಿ.

ಈಗ ಒಂದು ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಬಟ್ಟೆ ತೊಡಲು ಬಹಳ ಹೊತ್ತು ಬೇಕು, ಬೈದುಕೊಂಡೇ ತೊಡುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಗಳು,
ಮೆಣಸು

ವಿ.ಸೂ.: ಲಕೋಟೆಯ ಮೇಲೆ ವಿಳಾಸ ಹುಡುಕಬೇಡ, ಬರೆದಿಲ್ಲ. ಅವನು ಇಂದೋ ನಾಳೆಯೋ ನಿನ್ನ ಮನೆಗೆ ಬರುತ್ತಾನೆ, ಕೈಗೆ ಕಟ್ಟು ಹಾಕಿಸಿಕೊಂಡು, ಅಳುತ್ತಾ. ಇಷ್ಟೆಲ್ಲ ಓದಿದ ಮೇಲೂ ನೀನು ಅವನನ್ನು ಒಳಗೆ ಕರೆದು ಕೂರಿಸುತ್ತೀಯ.