ಬೈರಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು

ಫೆಬ್ರವರಿ 4, 1986. ಚಾಮರಾಜಪೇಟೆ

ಬೆಳಿಗ್ಗೆ ಮತ್ತೆ ಮೇಕಪ್. ಇಷ್ಟು ವರ್ಷ ಮಣ್ಣು ಅಗೆದ ಮುಖಕ್ಕೆ ಪೌಡರ್! ಪ್ರೊಡ್ಯೂಸರ್ ರೇವಣಸಿದ್ದಯ್ಯನವರಿಗೆ ಪುರಾತತ್ವಕ್ಕಿಂತ ನನ್ನ ಮೂಗಿನ ಹೊಳಪಿನದೇ ಚಿಂತೆ. ಊರೂರು ಸುತ್ತುವ ಟಿವಿ ವ್ಯಾನು ಇವತ್ತು ನಮ್ಮ ಬೀದಿಯಲ್ಲೇ ನಿಂತಿತ್ತು — ವೆಂಕಟಾಚಲ ಅವರ ವಠಾರದ ಹಿತ್ತಲಿನಲ್ಲಿ ಶೂಟಿಂಗ್. ಅಲ್ಲಿ ಬೈರಮ್ಮ ಬಟ್ಟೆ ಒಗೆಯುವ ಚಪ್ಪಡಿಯ ಅಡಿಯಲ್ಲಿ ಕೆತ್ತನೆ ಇದೆಯೆಂದು ಹೇಳಿದವನು ನಾನೇ. ಅವಳು ಬೀದಿಯವರ ಬಟ್ಟೆ ಒಗೆದು ಬದುಕುವವಳು. ಕಲ್ಲಿನ ಪಕ್ಕದ ತಗಡಿನ ಶೆಡ್ಡೇ ಮನೆ.

"ಮಗುಚಿ. ಸಂಜೆಗೆ ಮೊದ್ಲಿದ್ದಂಗೇ ಇಟ್ಬಿಡಿ ಸಾಮಿ" ಎಂದಳು. ಒಪ್ಪಿದೆ.

ವೀರಗಲ್ಲು. ಕತ್ತಿ, ಕುದುರೆ, ಕೆಳಗೆ ನಾಲ್ಕಾರು ಸಾಲು ಬರಹ. ದನ ಕಾಯಲು ಹೋಗಿ ಸತ್ತ ಯಾರೋ ಬಡಪಾಯಿ. ದೇವರೇನಲ್ಲ. ಕ್ಯಾಮೆರಾಕ್ಕೂ ಹಾಗೇ ಹೇಳಿದೆ. ಸಪ್ಪೆಯಾಯಿತು, ಸ್ವಲ್ಪ ಉಪ್ಪು ಖಾರ ಹಾಕಿ ಎಂದರು ರೇವಣಸಿದ್ದಯ್ಯ. ಎರಡನೇ ಟೇಕ್‌ನಲ್ಲಿ — "ಇಂಥ ಪವಿತ್ರ ಶಿಲೆಯ ಮೇಲೆ ಬಟ್ಟೆ ಒಗೆಯುವುದು ಪಾಪ." ಬೆನ್ನು ತಟ್ಟಿದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಕತ್ತಲಾಯಿತು. ಕಲ್ಲನ್ನು ಮತ್ತೆ ಮೊದಲಿನಂತೆ ಮಗುಚುವುದು ನಾಳೆ.

ಫೆಬ್ರವರಿ 19. ಬಾದಾಮಿ, ಲಾಡ್ಜ್

ಟಿವಿಯಲ್ಲಿ ನಮ್ಮ ಪ್ರೋಗ್ರಾಂ ಬಂತು. ಲಾಡ್ಜಿನ ಮ್ಯಾನೇಜರ್ ಎದ್ದು ನಿಂತು ಕೈ ಮುಗಿದ. ಕಲ್ಲನ್ನು ಮೊದಲಿನಂತೆ ಇಡಿಸದೆ ವ್ಯಾನು ಹತ್ತಿದ್ದು ಆಗ ನೆನಪಾಯಿತು. ಊರಿಗೆ ಹೋದ ಮೇಲೆ ನೋಡೋಣ...

ಮಾರ್ಚ್ 30. ಮನೆ

ಕಲ್ಲು ಎದ್ದು ನಿಂತಿದೆ. ವೀರನಿಗೆ ಬೆಳ್ಳಿ ಕಣ್ಣು, ಗಾಂಧಿ ಬಜಾರಿನ ಹಾರ. ಅಕ್ಷರಗಳ ತುಂಬ ಎಣ್ಣೆ, ಅರಿಶಿನ — ಒಂದು ಸಾಲೂ ಓದುವಂತಿಲ್ಲ. ದೇವರ ಬೆನ್ನಿಗೆ ಮೈಲಿಗೆ ಬಟ್ಟೆ ಬೇಡವೆಂದು ಬೈರಮ್ಮನಿಗೆ ಶೆಡ್ ಖಾಲಿ ಮಾಡಲು ಹೇಳಿದ್ದಾರೆ. ಇದು ವೀರಗಲ್ಲು, ಅವಳನ್ನು ಓಡಿಸಬೇಡಿ ಎಂದು ಮೆಲ್ಲಗೆ ಹೇಳಿದೆ.

ವೆಂಕಟಾಚಲ ನಕ್ಕರು. "ಟೀವೀಲಿ ಪವಿತ್ರ ಅಂದೋರು ನೀವೇ ಅಲ್ವಾ ಸಾರ್?"

ಸುತ್ತ ಜನ. ಬೈರಮ್ಮ ಶೆಡ್ಡಿನ ಬಾಗಿಲಲ್ಲಿ ನನ್ನನ್ನೇ ನೋಡುತ್ತಿದ್ದಳು. ಗಟ್ಟಿಯಾಗಿ ಒಂದು ಮಾತು ಆಡಬೇಕಿತ್ತು. ಅಷ್ಟರಲ್ಲಿ ಮಂಗಳಾರತಿ ತಟ್ಟೆ ಬಂತು. ತೆಗೆದುಕೊಂಡೆ. ಥೂ, ನನ್ನ ಜನ್ಮಕ್ಕೆ.

ಏಪ್ರಿಲ್ 6

ಇವತ್ತು ಎಲ್ಲರ ಮುಂದೆ ಹೇಳಿಯೇ ಬಿಡುವುದೆಂದು ಹೋದೆ. ಶೆಡ್ ಇಲ್ಲ, ಸಿಮೆಂಟು ಹಾಕಿದ್ದಾರೆ. ಬೈರಮ್ಮ ಕಲಾಸಿಪಾಳ್ಯದಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆಂದು ತಿಳಿದು ಅಲ್ಲಿಗೇ ಹೋದೆ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೂರಲು ಮಣೆ ಹಾಕಿ, ಎದುರು ನಿಂತು ಕೇಳಿದಳು.

"ದೇವ್ರ ಮೇಲೆ ಕಂಡೋರ ಕೊಳೆ ಕುಕ್ಕಿದೀನಿ. ಅದ್ಕೇ ನನ್ ಕೂಸುಗಳು ಒಂದೂ ಉಳೀಲಿಲ್ವಾ ಸಾಮಿ?"

ಅಲ್ಲ, ಅದು ದೇವರೇ ಅಲ್ಲ, ಟಿವಿಗಾಗಿ ನಾನು ಆಡಿದ ಮಾತು ಎಂದೆ. ಮತ್ತೆ ಮತ್ತೆ ಹೇಳಿದೆ. ಅವಳು ಗಾಬರಿಯಿಂದ ಗಲ್ಲ ಬಡಿದುಕೊಂಡಳು — ನನ್ನ ಪರವಾಗಿ.

"ಹಂಗನ್ಬೇಡಿ. ನಿಮ್ಗೂ ಮಕ್ಳವೆ."

ನಾಳೆ ಬೆಳಿಗ್ಗೆ ಹಂಪಿಗೆ ವ್ಯಾನು. ಇನ್ನು ಯಾವ ಮುಖ ಹೊತ್ತು ಆ ಕ್ಯಾಮೆರಾದ ಮುಂದೆ...