ಹಗ್ಗವಿದ್ದರೆ ಬ್ರೇಕ್ ಬೇಡವೇ?

ಮಾನಸಿಕ ಆರೋಗ್ಯ ವಿಭಾಗದ ಮಾನ್ಯ ನಿರ್ದೇಶಕರೇ,

ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗಾಗಿ ನಡೆಯುತ್ತಿರುವ ಮಾತಿನ ಚಿಕಿತ್ಸೆಯನ್ನು ಮುಂದಿನ ತಿಂಗಳಿಂದ ನಿಲ್ಲಿಸುವಂತೆ ತಾವು ಆದೇಶಿಸಿದ್ದೀರಿ. ಕಾರಣವನ್ನೂ ದಯಪಾಲಿಸಿದ್ದೀರಿ: ಔಷಧಿ ಸಮರ್ಪಕವಾಗಿ ಪೂರೈಕೆಯಾಗುತ್ತಿರುವಾಗ ‘ಸಂಭಾಷಣೆಯಂತಹ ಪೂರಕ ಸೌಲಭ್ಯ’ ಅನಗತ್ಯ. ಚಿಕಿತ್ಸೆ ನಡೆಯುವ ಕೋಣೆಯಲ್ಲಿ ಇನ್ನು ಮುರಿದ ಮಂಚಗಳನ್ನು ಇಡಲಾಗುವುದಂತೆ. ಮಂಚಗಳು ಮಾತಾಡುವುದಿಲ್ಲ, ಆಡಳಿತಕ್ಕೆ ಅನುಕೂಲ.

ನಾನು ಲಿಫ್ಟ್ ಸುರಕ್ಷತಾ ತಪಾಸಕ. ನನಗೆ ಸ್ಕಿಜೋಫ್ರೇನಿಯಾ ಇದೆ. ನನ್ನ ವೈದ್ಯರಿಗೂ ಮೇಲಧಿಕಾರಿಗೂ ಇದು ಗೊತ್ತು. ಸಹೋದ್ಯೋಗಿಗಳಿಗೆ ಈ ಬಹಿರಂಗ ಪತ್ರದಿಂದ ಗೊತ್ತಾಗುತ್ತದೆ. ನನ್ನ ಕೆಲಸ, ನನ್ನ ಕಾಯಿಲೆ, ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಡುವ ಧೈರ್ಯ ನನಗೆ ಈವರೆಗೆ ಇರಲಿಲ್ಲ. ತಮ್ಮ ಆದೇಶ ಅದನ್ನು ಒದಗಿಸಿತು.

ಮಾತ್ರೆಯನ್ನು ನಾನು ಹಳಿಯುವವನಲ್ಲ, ತಪ್ಪದೆ ನುಂಗುತ್ತೇನೆ. ಅದು ತಲೆಯೊಳಗಿನ ದನಿಯನ್ನು ತಗ್ಗಿಸಿತು. ಆದರೆ ತಗ್ಗಿದ ದನಿ ಹಠ ಬಿಡಲಿಲ್ಲ: ‘ಹಗ್ಗ ಹರಿಯುತ್ತೆ, ನೀನೇ ಹೊಣೆ.’ ತಪಾಸಣೆ ಮುಗಿಸಿ ಬಂದವನು ಊಟ ಬಿಟ್ಟು ಮತ್ತೆ ಅದೇ ಕಟ್ಟಡಕ್ಕೆ ಓಡುತ್ತಿದ್ದೆ. ಒಮ್ಮೆ ಲಿಫ್ಟಿನ ಮೋಟಾರು ಕೋಣೆಯಲ್ಲೇ ಕುಳಿತುಬಿಟ್ಟೆ. ಕರೆದೊಯ್ಯಲು ಹೆಂಡತಿ ಬರಬೇಕಾಯಿತು.

ತಾವು ಮುಚ್ಚಲಿರುವ ಕೋಣೆಯ ಚಿಕಿತ್ಸಕಿ ಆ ದನಿಯನ್ನು ಸುಳ್ಳೆನ್ನಲಿಲ್ಲ, ನಿಜವೆಂದೂ ಅನ್ನಲಿಲ್ಲ.

“ನಿಮ್ಮ ಸಹಾಯಕ ಬಂದು ಹಗ್ಗ ಹರಿಯುತ್ತೆ ಅಂದ್ರೆ ಏನ್ ಕೇಳ್ತೀರಿ ಸಾರ್?”

“ಯಾವ ಹಗ್ಗ, ಎಷ್ಟು ಎಳೆ ಹೋಗಿದೆ, ನೀನೇ ನೋಡಿದ್ಯಾ ಅಂತ.”

“ಮತ್ತೆ ತಲೆಯೊಳಗಿನ ಇವನೊಬ್ಬನಿಗೆ ಯಾಕೆ ವಿನಾಯಿತಿ?”

ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಅದೇ ಪ್ರಶ್ನೆಗಳನ್ನು ದನಿಗೆ ಕೇಳಿದೆ. ದನಿ ಬೈಯಿತು, ಗದರಿತು. ಒಂದು ಎಳೆಯನ್ನೂ ತೋರಿಸಲಾರದೆ ಹೋಯಿತು. ಹೆಂಡತಿಯೂ ಆ ಕೋಣೆಗೆ ಬಂದು ಕಲಿತಳು. ಈಗ ಊಟದ ನಡುವೆ ನನ್ನ ಕೈ ನಿಂತರೆ, “ಏನಂತೆ ನಿಮ್ ಸಾಹೇಬ್ರು? ರಿಪೋರ್ಟ್ ತಂದಿದಾರಾ? ಇಲ್ಲಾಂದ್ರೆ ನಾಳೆ ಬರೋಕ್ ಹೇಳಿ, ಅನ್ನ ಆರೋಗತ್ತೆ” ಎನ್ನುತ್ತಾಳೆ. ದಾಖಲೆ ಕೇಳಿದೊಡನೆ ಸಿಡುಕುವ ಸಾಹೇಬರು ಇಲಾಖೆಗಳಲ್ಲಷ್ಟೇ ಇರುತ್ತಾರೆಂದು ನಾನು ಭಾವಿಸಿದ್ದೆ.

ಲಿಫ್ಟನ್ನು ಹೊರುವುದು ಉಕ್ಕಿನ ಹಗ್ಗ, ನಿಜ. ಹಗ್ಗ ಗಟ್ಟಿಯಿದೆಯೆಂದು ಬ್ರೇಕನ್ನು ‘ಪೂರಕ ಸೌಲಭ್ಯ’ವೆಂದು ಕಳಚಿಟ್ಟವರನ್ನು ಏನೆಂದು ಕರೆಯಬೇಕು? ನಿರ್ದೇಶಕರೆಂದೇ?

ನನ್ನ ಬ್ರೇಕ್ ಹೇಗೋ ಹಿಡಿಯುತ್ತಿದೆ. ಆ ಕೋಣೆಯಲ್ಲಿ ಸೇರುವ ನಮ್ಮ ಗುಂಪಿಗೆ ಹೊಸದಾಗಿ ಬಂದ ದರ್ಜಿ ಹುಡುಗಿಯದು ಇನ್ನೂ ಇಲ್ಲ. ಹೊಲಿಗೆ ಯಂತ್ರ ತುಳಿದರೆ ಅದು ತನ್ನ ಗುಟ್ಟನ್ನೆಲ್ಲ ಬೀದಿಗೆ ಸಾರುತ್ತದೆಂದು ಹೆದರಿ ಕೆಲಸ ಬಿಟ್ಟವಳು. ತಾಯಿಯ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದವಳು ಕಳೆದ ವಾರ ಮೊದಲ ಸಲ ಚಿಕಿತ್ಸಕಿಯೆದುರು ಬಾಯಿಬಿಟ್ಟಳು: “ಅಕ್ಕಾ, ಮೆಷಿನ್ ಇಲ್ಲಿಗೇ ತರ್ಲಾ? ನಿಮ್ಮೆದುರಿಗೆ ಒಂದ್ಸಲ ತುಳಿದು ನೋಡ್ತೀನಿ.” ಅವಳು ಯಂತ್ರ ಹೊತ್ತು ತಂದಾಗ ಎದುರಾಗಬೇಕಾದದ್ದು ಮುರಿದ ಮಂಚವೇ?

ಆದೇಶವನ್ನು ಹಿಂಪಡೆಯಿರಿ. ಚಿಕಿತ್ಸಕಿಯನ್ನು ಅದೇ ಕೋಣೆಯಲ್ಲಿ ಉಳಿಸಿ. ಆಗದೆಂದಾದರೆ, ಆ ಚಿಕಿತ್ಸೆ ವ್ಯರ್ಥವೆಂದು ತಾವು ಕಂಡುಕೊಂಡ ವರದಿಯನ್ನು ಪ್ರಕಟಿಸಿ. ದಾಖಲೆಯಿಲ್ಲದೆ ಗದರುವ ದನಿಗೆ ಮಣಿಯುವ ಅಭ್ಯಾಸವನ್ನು ನಾನು ಆ ಕೋಣೆಯಲ್ಲೇ ಬಿಟ್ಟುಬಂದಿದ್ದೇನೆ.

ಇಂಥವನ ಮಾತನ್ನು ನಂಬುವುದು ಹೇಗೆಂಬ ಸಂಶಯ ಬಂದರೆ, ತಮ್ಮ ಕಚೇರಿಯ ಲಿಫ್ಟಿನೊಳಗೆ ಅಂಟಿಸಿರುವ ಪ್ರಮಾಣಪತ್ರ ನೋಡಿ. ಸಹಿ ನನ್ನದು. ಮೆಟ್ಟಿಲುಗಳೂ ಇವೆ, ಆಯ್ಕೆ ತಮ್ಮದು.

ಇಂತಿ,
ತಮ್ಮನ್ನು ದಿನವೂ ಕ್ಷೇಮವಾಗಿ ಮೇಲೇರಿಸುತ್ತಿರುವ,
ಒಬ್ಬ ‘ಪೂರಕ ಸೌಲಭ್ಯ’ದ ಫಲಾನುಭವಿ